ಮಾಳಿಗೆಯ ಬಿಳಿಮಣ್ಣು

ಜೂನಿನಲ್ಲಿ, ಮಿರಗದ ಮೊದಲ ಮಳೆಗೇ ಹೊಸ ಮನೆಗಳು ಸೋರಿದವು. ಎರಡು ಮಳೆಗಾಲ ತಗಡಿನ ಶೆಡ್ಡಿನಲ್ಲಿ ಕಳೆದು, ಈ ಬೇಸಿಗೆಯಲ್ಲಷ್ಟೇ ಹಾಲುಕ್ಕಿಸಿ ಒಳಗೆ ಬಂದಿದ್ದ ಲಿಂಬೋಡಿಯ ಜನ ತಲೆಯೆತ್ತಿ ನೋಡಿದರು. ಬಿರುಕಿಲ್ಲ, ತೂತಿಲ್ಲ. ಆದರೂ ಸ್ಲ್ಯಾಬು ಬೆವರಿದ ಹಾಗೆ ನೀರಾಡಿ ನಡುಮನೆಯಲ್ಲಿ ತೊಟ್ಟಿಕ್ಕುತ್ತಿತ್ತು.

"ಮನಿಮನಿಗೆ ನಳಾ ಹಾಕಸ್ತೀವಿ ಅಂದಿದ್ರು," ಎಂದ ಸೋಜರ್‌ಳ ಪಕ್ಕದ ಮನೆಯ ಉತ್ತಮ್, ತಲೆಯ ಮೇಲೆ ತಟ್ಟೆ ಹಿಡಿದುಕೊಂಡು ಹೊರಗೆ ಬಂದು. "ಮ್ಯಾಲಿಂದ ಬರ್ತದ ಅಂತ ಯಾರಿಗೆ ಗೊತ್ತಿತ್ತು!"

ಸೋಜರ್ ನಗಲಿಲ್ಲ. ಸೀರೆಯ ಜೋಲಿಯಲ್ಲಿ ಮಲಗಿದ್ದ ಮಗನ ಕೆನ್ನೆಯ ಮೇಲೆ ಹನಿ ಬಿದ್ದಿತ್ತು. ಜೋಲಿಯನ್ನು ಬಿಚ್ಚಿ ಬಾಗಿಲ ಹತ್ತಿರದ ಕೊಂಡಿಗೆ ಕಟ್ಟಿದಳು. ಅಲ್ಲಿಂದ ಆಕಾಶ ಕಾಣುತ್ತಿತ್ತು. ಹಾಗೆ ಕಂಡರೆ ಅವಳಿಗೆ ಉಸಿರು ಸರಾಗ.

ಮಳೆ ನಿಂತ ಮೇಲೆ ಓಣಿಯವರು ನಾಲ್ಕೈದು ಜನ ಸೋಜರ್‌ಳ ಅಂಗಳಕ್ಕೆ ಬಂದರು. ಬಂದದ್ದು ಅವಳ ಮಾವ ಗ್ಯಾನಬಾನ ಹತ್ತಿರ. ಊರಿಗೆಲ್ಲ ಅವನು ಆಬಾ.

"ಆಬಾ, ಏಳ್ರಿ. ನಿಮ್ಮ ಕೈಯೇ ಬೇಕು," ಎಂದ ಉತ್ತಮ್. "ಈ ಸಿಮೆಂಟಿನವರಿಗೆ ಮನಿ ಕಟ್ಟಾಕ ಬರ್ತದ, ಮುಚ್ಚಾಕ ಬರಂಗಿಲ್ಲ."

ಹಳೆಯ ಲಿಂಬೋಡಿಯಲ್ಲಿ ಮಾಳಿಗೆಗೆ ಮಣ್ಣು ಹಾಕುವುದೆಂದರೆ ಗ್ಯಾನಬಾ. ಕಲ್ಲುಗೋಡೆ ಕಟ್ಟುವವರು ಬೇರೆ, ತೊಲೆ ಜಂತೆ ಇಡುವ ಬಡಿಗರು ಬೇರೆ. ಹಲಗೆಯ ಮೇಲೆ ಬಿಳಿಮಣ್ಣು ಹರವಿ, ತುಳಿದು, ಬಡಿದು, ನೀರು ಓಡಬೇಕಾದ ಕಡೆಗೆ ಓರೆ ಕೊಡುವುದು ಅವನ ಕೈ. ವರ್ಷಾ ವರ್ಷಾ ಮಳೆಗೆ ಮುಂಚೆ ಪ್ರತಿ ಮಾಳಿಗೆಯ ಮೇಲೂ ಒಂದು ಪದರ ಹೊಸ ಮಣ್ಣು ಬೀಳಬೇಕು. ಹಳೆಯದನ್ನು ಯಾರೂ ತೆಗೆಯುತ್ತಿರಲಿಲ್ಲ. ಅಜ್ಜ ಹಾಕಿದ್ದರ ಮೇಲೆ ಅಪ್ಪ ಹಾಕಿದ್ದು, ಅಪ್ಪ ಹಾಕಿದ್ದರ ಮೇಲೆ ಮಗ ಹಾಕಿದ್ದು. ಮಾಳಿಗೆ ದಪ್ಪವಾದಷ್ಟೂ ಮನೆತನ ದೊಡ್ಡದು. ಹೆಣ್ಣು ಕೊಡಲು ಬಂದವರು ಅಂಗಳದಲ್ಲಿ ನಿಂತು ಮೊದಲು ಮಾಳಿಗೆಯ ಅಂಚು ನೋಡುತ್ತಿದ್ದರು. ಅದು ಮೊಳದಷ್ಟು ದಪ್ಪವಿದ್ದರೆ ಒಳಗೆ ಬಂದು ನೀರು ಕುಡಿಯುತ್ತಿದ್ದರು. ಸೋಜರ್‌ಳ ಅಪ್ಪನೂ ಹಾಗೆ ನೋಡಿಯೇ ಅವಳನ್ನು ಈ ಮನೆಗೆ ಕೊಟ್ಟಿದ್ದ. ಬೇಸಿಗೆಯಲ್ಲಿ ಆ ಮನೆಗಳು ಬಾವಿಯ ಹಾಗೆ ತಂಪಾಗಿರುತ್ತಿದ್ದವು.

ಮೂರು ವರ್ಷದ ಹಿಂದೆ, ಗಣಪತಿ ಬಿಟ್ಟು ಬಂದ ರಾತ್ರಿ ಊರು ಮೈಮೇಲಿನ ಗುಲಾಲು ಕೂಡ ತೊಳೆಯದೆ ಮಲಗಿತ್ತು. ಕೋಳಿ ಕೂಗುವ ಮೊದಲು ಭೂಮಿ ನಡುಗಿತು. ಸೋಜರ್ ಮತ್ತು ಉತ್ತಮ್‌ನ ಹೆಂಡತಿ ಶೇವಂತಾ ಆಗ ಚರಿಗೆ ಹಿಡಿದು ಹೊಲದ ಕಡೆ ಹೋಗಿದ್ದರು. ತಿರುಗಿ ನೋಡಿದರೆ ಬೆಳದಿಂಗಳಲ್ಲಿ ಊರಿರಲಿಲ್ಲ. ಊರಿದ್ದ ಜಾಗದಲ್ಲಿ ಧೂಳು ಎದ್ದು ನಿಂತಿತ್ತು. ಗಂಡ ವೈಜಿನಾಥ್ ಗೆಳೆಯರ ಜೊತೆ ತೇರಣಾ ನದಿಯ ದಂಡೆಯಲ್ಲಿ ಉಳಿದಿದ್ದ. ಮಾವ ಹೊಲದ ಕೊಟ್ಟಿಗೆಯಲ್ಲಿ ಎತ್ತುಗಳ ಹತ್ತಿರ ಮಲಗಿದ್ದ. ಮನೆಯಲ್ಲಿದ್ದವರು ಅತ್ತೆ, ಮತ್ತೆ ಮೂರು ಮಕ್ಕಳು: ಮುಕ್ತಾ, ಅಂಗದ್, ಬಬನ್. ಮೊದಲು ಓಡಿಬಂದು ಅಗೆದವನು ಗ್ಯಾನಬಾ. ಸೋಜರ್ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಅವಳನ್ನು ಯಾವುದೋ ಲಾರಿಯಲ್ಲಿ ಹಾಕಿ ದವಾಖಾನೆಗೆ ಒಯ್ದಿದ್ದರು. ಅವಳು ತಿರುಗಿ ಬರುವಷ್ಟರಲ್ಲಿ ತೇರಣಾ ದಂಡೆಯ ಚಿತೆಗಳೆಲ್ಲ ಆರಿದ್ದವು.

"ಕಲ್ಲು ಬಿತ್ತು. ನಿದ್ದ್ಯಾಗ ಹೋದ್ವು, ಅವಕ್ಕ ಗೊತ್ತೇ ಆಗಿಲ್ಲ," ಎಂದು ಅವಳಿಗೆ ಹೇಳಿದರು. ಈ ಮಾತು ಊರಿನ ಮನೆಮನೆಯಲ್ಲೂ ಇತ್ತು. ಸತ್ತವರ ತಾಯಂದಿರು, ಗಂಡಂದಿರು, ಅಣ್ಣಂದಿರು ಒಬ್ಬರಿಗೊಬ್ಬರು ಇದನ್ನೇ ಹೇಳಿಕೊಳ್ಳುತ್ತಿದ್ದರು. ಇದರ ಆಧಾರದ ಮೇಲೆಯೇ ಜನ ಉಂಡು ಮಲಗುತ್ತಿದ್ದರು.

ಆಮೇಲಿನ ವರ್ಷ ಮಕ್ಕಳು ಸಾಕೆಂದು ಆಪರೇಷನ್ ಮಾಡಿಸಿಕೊಂಡಿದ್ದ ಹೆಂಗಸರನ್ನು ಜೀಪಿನಲ್ಲಿ ಪಟ್ಟಣಕ್ಕೆ ಒಯ್ದು, ಕಟ್ಟಿದ್ದನ್ನು ಬಿಚ್ಚುವ ಇನ್ನೊಂದು ಆಪರೇಷನ್ ಮಾಡಿಸಿದರು. ಸೋಜರ್ ಮತ್ತು ಶೇವಂತಾ ಒಂದೇ ಜೀಪಿನಲ್ಲಿ, ಒಬ್ಬರ ತೊಡೆಗೊಬ್ಬರು ಒತ್ತಿ ಕೂತು ಹೋಗಿದ್ದರು. ಸೋಜರ್‌ಗೆ ಫಲಿಸಿತು, ಶೇವಂತಾಗೆ ಫಲಿಸಲಿಲ್ಲ. ಒಬ್ಬನೇ ಮಗ ದತ್ತೂನನ್ನು ಕಳೆದುಕೊಂಡಿದ್ದ ಶೇವಂತಾ ಬಾಣಂತಿಯನ್ನು ನೋಡಲು ಬಂದಾಗ ಮಗುವಿನ ಮುಖ ನೋಡದೆ ಕಾಲು ಮಾತ್ರ ಮುಟ್ಟಿ ಹೋಗಿದ್ದಳು.

ಮಕ್ಕಳು ಹೋದ ಮನೆಯಲ್ಲಿ ಹುಟ್ಟಿದ ಕೂಸಿಗೆ ಚೆಂದದ ಹೆಸರಿಡಬಾರದು, ಸಾವಿನ ಕಣ್ಣು ಬೀಳುತ್ತದೆ. ಹಾಗೆಂದು ಗ್ಯಾನಬಾ ಅವನನ್ನು ದಗಡೂ ಎಂದು ಕರೆದ. ದಗಡ ಎಂದರೆ ಕಲ್ಲು. ಕಲ್ಲಾದರೆ ಯಾರೂ ಒಯ್ಯುವುದಿಲ್ಲ. ಸೋಜರ್ ಆ ಹೆಸರನ್ನು ಒಮ್ಮೆಯೂ ಬಾಯಿಂದ ಆಡಲಿಲ್ಲ. ಅವಳಿಗೆ ಅವನು ಬರೀ ಬಾಳಾ, ಅಂದರೆ ಕೂಸು.

ಆ ರಾತ್ರಿಯ ನಂತರ ಗ್ಯಾನಬಾ ಕೆಲಸವೆಂದು ಯಾವುದನ್ನೂ ಮಾಡಿರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಕೂಡ್ರುವುದು, ಕೊಟ್ಟರೆ ಅರ್ಧ ರೊಟ್ಟಿ ತಿನ್ನುವುದು, ಇಷ್ಟೇ. ಈಗ ಓಣಿಯವರು ಕರೆದಾಗ ಅವನು ಎದ್ದು ನಿಂತು, ಉತ್ತಮ್‌ನ ಭುಜ ಹಿಡಿದು ಬೆನ್ನು ನೆಟ್ಟಗೆ ಮಾಡಿಕೊಂಡ.

"ಮಣ್ಣೆಲ್ಲಿದು?" ಎಂದ. "ಇಲ್ಲಿ ಕರೀ ಎರಿ ಅದ. ಎರಿ ಬಿರುಕ ಬಿಡ್ತದ. ಬಿಳಿಮಣ್ಣೇ ಬೇಕು."

"ಹಳೀ ಊರಾಗ ಬೇಕಾದಷ್ಟು ಬಿದ್ದದಲ್ಲ!"

ಮನೆ ಕೊಟ್ಟವರು ಸ್ಲ್ಯಾಬಿನ ಮೇಲೆ ಭಾರ ಹೇರಬೇಡಿರೆಂದು ಹೇಳಿ ಹೋಗಿದ್ದರು. ಅದು ಯಾರಿಗೂ ನೆನಪಾಗಲಿಲ್ಲವೆಂದಲ್ಲ. ಮಣ್ಣನ್ನು ಯಾರೂ ಭಾರವೆಂದು ಎಣಿಸಲಿಲ್ಲ.

ಚಕ್ಕಡಿಗಳು ಹಳೆಯ ಊರಿಗೆ ಹೋಗಿ ಬಂದವು. ಉತ್ತಮ್‌ನ ಮನೆಯ ಮುಂದೆ ಮೊದಲ ರಾಶಿ ಬಿತ್ತು. ಬೂದಿಯ ಬಣ್ಣದ, ಹೊಟ್ಟು ಕಲಸಿದ, ಎಷ್ಟೋ ವರ್ಷ ತುಳಿಸಿಕೊಂಡು ಹೆಂಟೆಯಾದ ಮಣ್ಣು. ಗ್ಯಾನಬಾ ಹೆಂಟೆ ಒಡೆದು ಜರಡಿ ಹಿಡಿದ. ಜರಡಿಯಲ್ಲಿ ಬಳೆಚೂರು, ಒಂದು ಗುಂಡಿ, ಬಾಚಣಿಕೆಯ ಹಲ್ಲು ಉಳಿದವು. ಉತ್ತಮ್ ಅವನ್ನು ಬೊಗಸೆಯಲ್ಲಿ ತೆಗೆದು ಬೇಲಿಯ ಆಚೆ ಚೆಲ್ಲಿ ಕೈ ಒರೆಸಿಕೊಂಡ. ಬಾಗಿಲಲ್ಲಿ ನಿಂತಿದ್ದ ಸೋಜರ್ ಅದನ್ನು ನೋಡಿದಳು.

ಉತ್ತಮ್‌ನ ಮನೆ, ಸೋಜರ್‌ಳ ಮನೆ ಒಂದೇ ಸ್ಲ್ಯಾಬಿನ ಕೆಳಗಿನ ಜೋಡಿ ಮನೆಗಳು. ನಡುವೆ ಒಂದು ಗೋಡೆ, ಅಷ್ಟೇ. ಆ ಸಂಜೆ ಗ್ಯಾನಬಾ ಉತ್ತಮ್‌ನ ಪಾಲಿನ ಮೇಲೆ ಮಣ್ಣು ಬಡಿಯುತ್ತಿದ್ದರೆ, ಈ ಕಡೆ ಪಾತ್ರೆ ಜೋಡಿಸಿದ ಹಲಗೆ ನಡುಗುತ್ತಿತ್ತು. ಧಡ್, ಧಡ್, ಧಡ್. ಸೋಜರ್ ಕೂಸನ್ನು ಎತ್ತಿಕೊಂಡು ಅಂಗಳದಲ್ಲೇ ನಿಂತಳು.

ಉಣ್ಣಲು ಕೂತ ಗಂಡನ ಮುಂದೆ ಅವಳು ಮಾತು ತೆಗೆದಳು.

"ಆ ಮಣ್ಣು ಎಲ್ಲಿದು ಗೊತ್ತದೇನು ನಿಮಗ?"

"ಹಳೀ ಊರಿಂದು."

"ಹಳೀ ಊರಾಗ ಎಲ್ಲಿದು?"

ರೊಟ್ಟಿ ಮುರಿಯುತ್ತಿದ್ದ ವೈಜಿನಾಥ್‌ನ ಕೈ ನಿಂತಿತು.

"ಬಿದ್ದ ಮಾಳಗಿದು," ಎಂದು ಅವಳೇ ಹೇಳಿದಳು. "ನಾಳೆ ನಮ್ಮ ಮ್ಯಾಲೂ ಹಾಕ್ತಾರ. ನನ್ನ ಕೂಸು ಅದರ ಕೆಳಗ ಮಲಗಬೇಕು."

"ಮಣ್ಣಿಗೇನು ಗೊತ್ತಿರ್ತದ? ಇವತ್ತ ಆಬಾ ಎರಡು ರೊಟ್ಟಿ ಉಂಡ. ಬ್ಯಾಳಿ ಇನ್ನೊಂದೀಟು ಹಾಕು ಅಂದ. ಇಷ್ಟು ವರ್ಷದಾಗ ಒಮ್ಮ್ಯರ ಕೇಳಿದ್ನೇನು? ನೀನೇ ಹೇಳು."

"ಇಲ್ಲ."

"ಮತ್ತ? ಒಂದು ಬೆರಳು ದಪ್ಪ ಹಾಕ್ತಾನ. ಅಷ್ಟಕ್ಕ ಸ್ಲ್ಯಾಬ್ ಬೀಳ್ತದೇನು?"

"ಈ ವರ್ಷ ಒಂದು ಬೆರಳು. ಮುಂದಿನ ವರ್ಷ?"

"ಮುಂದಿಂದು ಮುಂದ ನೋಡೂಣು."

"ನಮ್ಮ ಮಾಳಗಿನೂ ಒಂದೊಂದ ಬೆರಳೇ ಏರಿತ್ತು."

ವೈಜಿನಾಥ್ ತಟ್ಟೆ ಸರಿಸಿದ. ದನಿ ತಗ್ಗಿಸಿ, ಹೊರಗೆ ಹಾಸಿಗೆ ಹಾಕಿಕೊಂಡಿದ್ದ ಅಪ್ಪನಿಗೆ ಕೇಳಿಸದ ಹಾಗೆ ಹೇಳಿದ: "ನೋಡು, ಅದನ್ನ ನಾ ಅವಂಗ ಹೇಳಂಗಿಲ್ಲ. ನೀನೂ ಹೇಳಬ್ಯಾಡ. ಹೇಳಿದ್ರ ಆ ಜೀವ ಉಳಿಯಂಗಿಲ್ಲ."

ಹೇಳುವುದಾದರೂ ಹೇಗೆ? ಮದುವೆಯಾಗಿ ಬಂದಂದಿನಿಂದ ಅವಳು ಮಾವನ ಎದುರು ಸೆರಗು ಇಳಿಸಿರಲಿಲ್ಲ, ನೇರ ಒಂದು ಮಾತಾಡಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ತಟ್ಟೆ ಸಪ್ಪಳ ಮಾಡುವುದು, ತೀರ ಬೇಕಾದರೆ ಮಕ್ಕಳ ಬಾಯಿಂದ ಹೇಳಿಸುವುದು. ಈಗ ಹೇಳಿಸಲು ಇದ್ದದ್ದು ಮಾತು ಬಾರದ ಒಂದು ಕೂಸು.

ಮರುದಿನ ಬೆಳಿಗ್ಗೆ ಗ್ಯಾನಬಾ ತಮ್ಮ ಪಾಲಿನ ಸ್ಲ್ಯಾಬಿಗೆ ನಿಚ್ಚಣಿಕೆ ಹಾಕಿದ. ವೈಜಿನಾಥ್ ಹೊಲಕ್ಕೆ ಹೋದ. ಸೋಜರ್ ಅಡುಗೆ ಬಿಟ್ಟು, ಕಾಲೊನಿಯ ಅಂಚಿನಲ್ಲಿದ್ದ ಒಂದೇ ಒಂದು ಜಾಲಿ ಗಿಡಕ್ಕೆ ಜೋಲಿ ಕಟ್ಟಿ ಕೂತಳು. ಮಳೆಯ ಮರುದಿನದ ಬಿಸಿಲು ಸುಡುತ್ತಿತ್ತು.

"ಬರ್ರಿ, ನೋಡ್ರಿ," ಎಂದು ಶೇವಂತಾ ನೀರಿನ ಕೊಡ ಸೊಂಟಕ್ಕೇರಿಸಿಕೊಂಡು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. "ಸರಕಾರ ಮನಿ ಕೊಟ್ಟದ, ಇಕಿ ಗಿಡದ ಕೆಳಗ ಸಂಸಾರ ಹೂಡ್ಯಾಳ! ನಾಳೆ ಎರಡು ಕತ್ತೆನೂ ತಂದು ಕಟ್ತಾಳ ಬಿಡು."

"ಕಟ್ತೀನಿ. ಒಂದು ನೀ ಕೊಡು, ಶೇವಂತಾಕ್ಕ," ಎಂದಳು ಸೋಜರ್.

ಯಾರೋ ನಕ್ಕರು. ಶೇವಂತಾ ನಗಲಿಲ್ಲ. ಜೋಲಿಯ ಕಡೆ ನೋಡದೆ, "ಇಂಥವರಿಗೇ ಕೊಡ್ತಾನ ದೇವರು. ಕೊಟ್ಟದ್ದನ್ನ ಹಿಂಗ ಬಿಸಿಲಿಗೆ ಹಾಕ್ತಾರ," ಎಂದು ಹೋಗಿಬಿಟ್ಟಳು.

ಮೇಲಿನಿಂದ ಗ್ಯಾನಬಾ ಕೂಗಿದ. ಇಷ್ಟು ದೊಡ್ಡ ದನಿ ಅವನಲ್ಲಿ ಇನ್ನೂ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. "ದಗಡೂ! ನಿಮ್ಮವ್ವಗ ಹೇಳು, ಝಳಾ ಹತ್ತತದ, ಒಳಗ ಕರಕೊಂಡು ಹೋಗು ಅಂತ!"

ಸೋಜರ್ ಜೋಲಿಯೊಳಗೆ ಬಗ್ಗಿ ಹೇಳಿದಳು: "ಬಾಳಾ, ಆಜೋಬಾಗ ಹೇಳು, ಒಳಗಿಂತಾ ಹೊರಗೇ ಪಾಡ ಅದ ಅಂತ."

"ದಗಡೂ, ಆಜೋಬಾ ಕೆಲಸ ಮುಗಿಸಿದ್ರ ಒಳಗ ಮಾಘ ಮಾಸ ಅಂತ ಹೇಳು! ನಿಮ್ಮವ್ವ ಕಂಬಳಿ ಕೇಳ್ತಾಳ ಅಂತ ಹೇಳು!"

ಓಣಿಯವರು ಮತ್ತೆ ನಕ್ಕರು. ಮುದುಕನೂ ನಕ್ಕ. ಹಲ್ಲಿಲ್ಲದ ಬಾಯಿ ಬಿಸಿಲಿನಲ್ಲಿ ತೆರೆದಿತ್ತು. ಬುಟ್ಟಿ ಬುಟ್ಟಿ ಮಣ್ಣು ಮೇಲೇರುತ್ತಿತ್ತು. ಅವನು ಅದನ್ನು ಅಂಗೈಯಿಂದ ಸವರುತ್ತ, ಬಗ್ಗಿ ಒಂದು ಕಣ್ಣು ಮುಚ್ಚಿ ಓರೆ ನೋಡುತ್ತ, ಕೆಳಗೆ ನಿಂತವರಿಗೆ ಹೀಗಿರಬೇಕು, ಹೀಗಿರಬಾರದು ಎಂದು ಹೇಳಿಕೊಡುತ್ತಿದ್ದ. ಒಂದು ಬೆರಳಲ್ಲ, ಆಗಲೇ ಒಂದು ಗೇಣು ಆಗಿತ್ತು. ಕೈ ಹಿಡಿತದಲ್ಲಿರಲಿಲ್ಲ. ಹಾಕಿದಷ್ಟೂ ಅವನಿಗೆ ಇನ್ನೊಂದಿಷ್ಟು ಬೇಕೆನಿಸುತ್ತಿತ್ತು.

ಮಧ್ಯಾಹ್ನ ಜನ ಉಣ್ಣಲು ಹೋದರು. ಗ್ಯಾನಬಾ ಇಳಿಯಲಿಲ್ಲ. ಹಲಗೆಯಿಂದ ಬಡಿಯತೊಡಗಿದ. ಆ ಸಪ್ಪಳ ಜಾಲಿಯ ಬುಡದವರೆಗೂ ಬಂತು. ಕೂಸು ಬೆಚ್ಚಿತು. ಪ್ರತಿ ಪೆಟ್ಟಿಗೂ ನಿದ್ದೆಯಲ್ಲೇ ಎರಡು ಕೈ ಮೇಲೆತ್ತಿ, ಏನನ್ನೋ ತಡೆಯುವ ಹಾಗೆ ಬೆರಳು ಬಿಡಿಸುತ್ತಿತ್ತು. ಸೋಜರ್ ಮೂರು ನಾಲ್ಕು ಪೆಟ್ಟು ನೋಡಿದಳು. ಆಮೇಲೆ ಎದ್ದು ಹೋಗಿ ನಿಚ್ಚಣಿಕೆ ಏರಿದಳು.

ಏರುವಾಗ ಸೆರಗು ಜಾರಿತು. ತಲೆಗೆ ಎಳೆದುಕೊಳ್ಳಲಿಲ್ಲ.

"ಮಾಮಾ, ಸಾಕು ಮಾಡ್ರಿ."

ಗ್ಯಾನಬಾ ಹಲಗೆ ಹಿಡಿದೇ ಹಿಂದೆ ತಿರುಗಿ, ಅವಳು ಯಾರಿಗೆ ಹೇಳುತ್ತಿದ್ದಾಳೆಂದು ನೋಡಿದ. ಅಲ್ಲಿ ಬೇರೆ ಯಾರೂ ಇರಲಿಲ್ಲ.

"ನಿಮಗೇ ಹೇಳಾಕತ್ತೀನಿ. ಇದನ್ನ ಇಳಸ್ರಿ. ಈ ಮಣ್ಣಿನ ಕೆಳಗ ನನ್ನ ಮಗಾ ಮಲಗೂದಿಲ್ಲ."

"ಮಣ್ಣೇನು ಮಾಡ್ತದ, ಪೋರಿ?" ಅವನು ತಬ್ಬಿಬ್ಬಾಗಿ, ಅವಳ ಮುಖ ನೋಡದೆ, ಪಕ್ಕಕ್ಕೆ ನೋಡುತ್ತ ಹೇಳಿದ. "ಮಣ್ಣು ತಂಪು. ಅವತ್ತ ಬಿದ್ದದ್ದು ಕಲ್ಲು. ಕಲ್ಲು ಬಿದ್ದು..."

"ಆ ಕಲ್ಲಿನ ಮ್ಯಾಲ ಭಾರ ಹೊರಿಸಿದವರು ಯಾರು? ಮೂರು ಕೂಸಿನ ಮ್ಯಾಲ ಬಿದ್ದದ್ದು ಯಾರ ಕೈ ಮಣ್ಣು, ಮಾಮಾ?"

ಹೇಳಿ ಮುಗಿದಿತ್ತು. ಅವನು ಸಿಟ್ಟಾಗಬಹುದು, ಹಲಗೆ ಎತ್ತಬಹುದು, ಇಲ್ಲವೇ ಇಲ್ಲಿಂದಲೇ ಕೆಳಗೆ ಹಾರಬಹುದು ಎಂದುಕೊಂಡಿದ್ದಳು. ಅವನು ಏನೂ ಮಾಡಲಿಲ್ಲ. ಹಲಗೆಯನ್ನು ಕೆಳಗಿಟ್ಟು ಅದರ ಮೇಲೆ ಕೂತ.

"ಕಲ್ಲು ಬಿದ್ದಿಲ್ಲ," ಎಂದ.

"ಏನು?"

"ಮಕ್ಕಳು ಮಲಗಿದ ಕಡೆ ಗೋಡಿ ಬಿದ್ದಿಲ್ಲ. ನಿಂತಿತ್ತು. ಬರೇ ಮಾಳಗಿ ಬಂದಿತ್ತು. ಒಂದು ಕಲ್ಲೂ ಮುಟ್ಟಿರಲಿಲ್ಲ ಅವಕ್ಕ. ಮೈಮ್ಯಾಲ ಗಾಯ ಅಂಬೋದಿಲ್ಲ. ಮುಕ್ತಾ ಬಬನ್ಯಾನ ಮ್ಯಾಲ ಬೋರಲು ಬಿದ್ದಿದ್ಳು. ತಿರುವಿ ಹಾಕಿದೆ. ಬಾಯಿ..." ಅವನು ತನ್ನ ಬಾಯಿಯನ್ನೇ ಮುಟ್ಟಿ ತೋರಿಸಿದ. "ತುಂಬಿತ್ತು. ಬೆರಳು ಹಾಕಿ ತೆಗದೆ. ತೆಗದಷ್ಟೂ ಬಂತು. ಕೈಯಾಗ ಹಿಚುಕಿದ ಕೂಡ್ಲೇ ಗೊತ್ತಾತು, ಆ ವರ್ಷ ಹಾಕಿದ ಮಣ್ಣು. ಜೋಳದ ಹೊಟ್ಟು ನಾನೇ ಕಲಸಿದ್ದೆ."

ಸೋಜರ್ ನಿಂತೇ ಇದ್ದಳು.

"ಬೆಚ್ಚಗಿದ್ಳು," ಎಂದ ಗ್ಯಾನಬಾ. "ಹೊತ್ತು ಏರಿತ್ತು ಆಗ. ಬಿಸಿಲು ಬಂದಿತ್ತು. ಇನ್ನೂ ಬೆಚ್ಚಗಿದ್ಳು."

ಕೋಳಿ ಕೂಗುವ ಮೊದಲು ಬಿದ್ದ ಮನೆ. ಹೊತ್ತು ಏರಿದಾಗ ಸಿಕ್ಕ ಮಗು. ನಡುವಿನ ಹೊತ್ತನ್ನು ಅವಳು ಲೆಕ್ಕ ಹಾಕಲಿಲ್ಲ, ಅದು ತಾನಾಗಿಯೇ ಆಯಿತು.

"ಇಷ್ಟು ಗೊತ್ತಿದ್ದೂ ಮತ್ತ ಯಾಕ ಹಾಕಾಕತ್ತೀರಿ?" ಅವಳ ದನಿ ಅವಳಿಗೇ ಬೇರೆಯವರದೆನಿಸಿತು.

"ಕರದ್ರು." ಅವನು ಮಣ್ಣಾದ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. "ಊರವರೇ ಬಂದು ಕರದ್ರು. ಆಬಾ, ನಿಮ್ಮ ಕೈಯೇ ಬೇಕು ಅಂದ್ರು. ಕೈ ಒಳ್ಳೇದದ ಅಂದಂಗಾತು."

ಕೇಳಿಸಿಕೊಂಡದ್ದನ್ನು ಹಿಂದಕ್ಕೆ ಕೊಡುವ ಹಾಗಿದ್ದರೆ ಸೋಜರ್ ಆಗಲೇ ಕೊಟ್ಟುಬಿಡುತ್ತಿದ್ದಳು. ಕೊಟ್ಟು, ಆ ಮಣ್ಣಿನ ಕೆಳಗೇ ಮಗನನ್ನು ಹಾಕಿಕೊಂಡು ಮಲಗುತ್ತಿದ್ದಳೇನೋ. ಅವಳು ನಿಚ್ಚಣಿಕೆ ಇಳಿದು ಗಿಡದ ಹತ್ತಿರ ಹೋದಳು. ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಅದರ ಬಾಯಿಯೊಳಗೆ ಬೆರಳು ಹಾಕಿ ನೋಡಿದಳು. ಅದು ಬೆರಳು ಚೀಪಿತು.

ಮೇಲೆ ಸಲಿಕೆಯ ಸಪ್ಪಳ ಶುರುವಾಯಿತು. ಗ್ಯಾನಬಾ ಬೆಳಗಿನಿಂದ ಹಾಕಿದ್ದನ್ನು ಕೆರೆದು ಕೆಳಗೆ ಚೆಲ್ಲುತ್ತಿದ್ದ.

"ಆಬಾ! ಏನು ಮಾಡಾಕತ್ತೀರಿ?" ಉತ್ತಮ್ ಉಣ್ಣುವ ಕೈಯಲ್ಲೇ ಓಡಿಬಂದ. "ನಿಮ್ಮ ಕಡೆ ತಗದ್ರ ನೀರು ನಡುವ ನಿಂತು ನನ್ನ ಗೋಡಿಗೆ ಇಳೀತದ! ಯಾರು ಏನಂದ್ರು ನಿಮಗ?"

ಗ್ಯಾನಬಾ ಇನ್ನೊಂದು ಸಲಿಕೆ ಮಣ್ಣು ಕೆಳಗೆ ಚೆಲ್ಲಿದ. ಹೊಲದಿಂದ ಬಂದ ವೈಜಿನಾಥ್ ಅಂಗಳದ ರಾಶಿ ನೋಡಿದ, ಮೇಲೆ ಅಪ್ಪನನ್ನು ನೋಡಿದ, ಹೆಂಡತಿಯ ತೆರೆದ ತಲೆ ನೋಡಿದ. ಕೇಳಬೇಕಾದದ್ದೇನೂ ಇರಲಿಲ್ಲ. ಅವನ ಕೈ ಮೇಲೆದ್ದಿತು.

"ಅಕಿಗೆ ಕೈ ಹಚ್ಚಬ್ಯಾಡ, ವೈಜ್ಯಾ," ಎಂದ ಮೇಲಿನಿಂದ ಗ್ಯಾನಬಾ, ಸಲಿಕೆ ನಿಲ್ಲಿಸದೆ. "ಅಕಿ ಏನೂ ಅಂದಿಲ್ಲ.  ನಾನೇ ಹೇಳಿದ್ದು."

"ಏನು ಹೇಳಿದ್ರಿ?"

"ಮುಕ್ತಾ ನಿದ್ದ್ಯಾಗ ಹೋಗಿಲ್ಲ ಅಂತ ಹೇಳಿದೆ."

ವೈಜಿನಾಥ್‌ನ ಕೈ ಇಳಿಯಿತು. ಅವನು ಅಲ್ಲಿಯೇ ಮಣ್ಣಿನ ರಾಶಿಯ ಮೇಲೆ ಕೂತ. ಕೂತದ್ದು ಯಾವುದರ ಮೇಲೆಂದು ಗೊತ್ತಾದ ಮೇಲೆ ಎದ್ದು, ಎಲ್ಲಿಗೆಂದು ಹೇಳದೆ ಹೊರಟುಹೋದ.

ಅಂದು ಗ್ಯಾನಬಾ ಉಣ್ಣಲಿಲ್ಲ. ಸೋಜರ್ ತಟ್ಟೆ ಮುಂದಿಟ್ಟು, "ಉಣ್ರಿ, ಮಾಮಾ," ಎಂದು ಬಾಯಿ ಬಿಟ್ಟೇ ಹೇಳಿದಳು. ಅವನು ಒಂದು ತುತ್ತು ಬಾಯಿಗೆ ಹಾಕಿಕೊಂಡ. ಅದು ಅಲ್ಲಿಯೇ ಉಳಿಯಿತು. ನುಂಗಲಾರದೆ ಹೊರಗೆ ಹೋಗಿ ಉಗುಳಿ ಬಂದ.

ಬೆಳಗಾದ ಮೇಲೆ ಅವನು ಓಣಿ ಹಿಡಿದ. ಮಣ್ಣು ಏರಿದ್ದ, ಏರಲಿದ್ದ ಒಂದೊಂದೇ ಮನೆಯ ಮುಂದೆ ನಿಂತು, "ಇಳಸ್ರಿ. ಕಲ್ಲಲ್ಲ, ಮಣ್ಣು. ಮಣ್ಣಿಗೇ ಉಸಿರುಗಟ್ಟಿದ್ವು. ನಾ ಕಣ್ಣಾರೆ ಕಂಡೀನಿ," ಎನ್ನತೊಡಗಿದ.

ಮೊದಲು ಜನರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಾಗಿಲುಗಳು ಮುಚ್ಚಿದವು. ಮಾಳಿಗೆಯ ಮಾತಾಗಿದ್ದರೆ ಕೇಳುತ್ತಿದ್ದರೇನೋ. ಅವನು ಕೈ ಹಾಕಿದ್ದು ಅವರ ನಿದ್ದೆಗೆ. ಒಬ್ಬಳು ಸೆಗಣಿ ನೀರು ಎರಚಿದಳು. ಒಬ್ಬ, "ಮುದುಕಗ ಅರಳುಮರಳು, ಒಳಗ ಕಟ್ಟಿಹಾಕ್ರಿ," ಎಂದ. ಕೊನೆಯ ಸಾಲಿನಲ್ಲಿ ಇಬ್ಬರು ಗಂಡಸರು ಅವನ ಕಣ್ಣೆದುರೇ ಮಣ್ಣು ಏರಿಸುತ್ತಿದ್ದರು. ಅವನಿಲ್ಲದೆ ಕೆಲಸ ನಿಲ್ಲಬೇಕಾಗಿರಲಿಲ್ಲ. ಓರೆ ಹೇಗೆ ಕೊಡಬೇಕೆಂದು ಅವನೇ ಕಲಿಸಿದ್ದ.

ಶೇವಂತಾಳ ಬಾಗಿಲಿಗೂ ಬಂದ.

"ನನ್ನ ದತ್ತೂ ನಿದ್ದ್ಯಾಗ ಹೋಗ್ಯಾನ!" ಎಂದು ಅವಳು ಅವನು ಬಾಯಿ ತೆರೆಯುವ ಮುಂಚೆಯೇ ಕಿರುಚಿದಳು. "ನಮ್ಮ ಮನ್ಯಾಗ ಕಲ್ಲು ಬಿದ್ದದ. ಕಲ್ಲು! ಕೇಳ್ರಿ ನಮ್ಮವರಿಗೆ, ಅವರೇ ತಗದಾರ. ನಿಮ್ಮ ಮನೀದು ನೀವು ಇಟ್ಕೊರ್ರಿ!"

"ನಿಮ್ಮ ಮಾಳಗಿಗೂ ಆ ವರ್ಷ ನಾನೇ ಹಾಕಿದ್ದೆ, ಪೋರಿ," ಎಂದ ಗ್ಯಾನಬಾ.

ಉತ್ತಮ್ ಅವನ ರಟ್ಟೆ ಹಿಡಿದು ಬೀದಿಗೆ ತಂದು ಬಿಟ್ಟ. ಒರಟಾಗಿಯೇನೂ ಹಿಡಿಯಲಿಲ್ಲ. ಆದರೆ ಒಳಗೆ ಬಂದಾಗ ಶೇವಂತಾ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಅವಳ ಕಡೆ ನೋಡಲಿಲ್ಲ. ಚಹಾ ಮಾಡು ಎಂದ. ಅವಳು ಮಾಡಲಿಲ್ಲ.

ಇಳಿಹೊತ್ತಿನಲ್ಲಿ ಸೋಜರ್ ಕೂಸನ್ನು ಒಳಗೆ ತಂದು ಜೋಲಿಗೆ ಹಾಕಿದಳು. ತನ್ನ ಪಾಲಿನ ಸ್ಲ್ಯಾಬು ಬರಿದಾಗಿತ್ತು. ಆದರೂ ಗೋಡೆಯ ಆಚೆಯ ಭಾರ ಈಚೆಗೂ ಅವಳ ಹೆಗಲ ಮೇಲೆ ಇದ್ದಂತೆಯೇ ಇತ್ತು. ಒಂದೇ ಸ್ಲ್ಯಾಬು. ಆ ಕಡೆಯದು ಬಂದರೆ ಈ ಕಡೆಯದನ್ನೂ ಎಳೆದುಕೊಂಡೇ ಬರುತ್ತದೆ. ಇದನ್ನು ಯಾರಿಗೆ ಹೇಳಬೇಕು, ಯಾವ ಬಾಯಿಂದ ಹೇಳಬೇಕು ಎಂದು ಜೋಲಿಯ ಹಗ್ಗ ಹಿಡಿದು ಕೂತಿದ್ದಾಗ ಮೇಲೆ ಏನೋ ಕೆರೆಯುವ ಸಪ್ಪಳ ಕೇಳಿಸಿತು. ಸಲಿಕೆಯದಲ್ಲ.

ಹತ್ತಿ ನೋಡಿದಳು. ಉತ್ತಮ್‌ನ ಪಾಲಿನ ನಡುವೆ ಶೇವಂತಾ ಮೊಣಕಾಲೂರಿ ಕೂತಿದ್ದಳು. ಇನ್ನೂ ಪೂರ್ತಿ ಗಟ್ಟಿಯಾಗದ ಮಣ್ಣನ್ನು ಬರಿಗೈಯಿಂದ ಬಗೆದು ಬುಟ್ಟಿಗೆ ತುಂಬುತ್ತಿದ್ದಳು. ಉಗುರಿನ ಸಂದಿಯಲ್ಲಿ ರಕ್ತ ಬಂದಿತ್ತು. ಕೆಳಗೆ ಉತ್ತಮ್ ನಿಂತು ಕೂಗುತ್ತಿದ್ದ: "ಇಳೀತೀಯೋ ಇಲ್ಲೋ? ರಾತ್ರಿ ಮಳಿ ಬಂದ್ರ ನಿನ್ನ ಸೀರಿ ಹಾಸ್ತೀಯೇನು ಇದರ ಮ್ಯಾಲ? ಇಳಿ ಅಂದ್ನಿ!" ಕೂಗುತ್ತಿದ್ದನೇ ಹೊರತು ನಿಚ್ಚಣಿಕೆಯ ಹತ್ತಿರ ಬರಲಿಲ್ಲ.

ಸೋಜರ್ ಪಕ್ಕದಲ್ಲಿ ಹೋಗಿ ಕೂತಳು.

"ಅವರಿಗೆ ಕೇಳಿದೆ," ಎಂದಳು ಶೇವಂತಾ, ಕೈ ನಿಲ್ಲಿಸದೆ. "ದತ್ತೂನ ಮೈಮ್ಯಾಲ ಗಾಯ ಎಲ್ಲಿತ್ತು ಹೇಳ್ರಿ ಅಂತ. ತಲಿಗೆ ಅಂದ್ರು. ಇನ್ನೊಮ್ಮಿ ಕೇಳಿದ್ರ ಎದಿಗೆ ಅಂದ್ರು."

ಸೋಜರ್ ಮಣ್ಣಿಗೆ ಕೈ ಹಾಕಿದಳು. ಅದು ಮೇಲೆ ಬಿಸಿಯಿತ್ತು, ಒಳಗೆ ತಣ್ಣಗಿತ್ತು.

"ಅವತ್ತ ನೀ ನನ್ನ ಜೋಡಿನೇ ಓಡಿ ಬಂದಿ," ಎಂದಳು ಶೇವಂತಾ. "ನೆಪ್ಪು ಮಾಡಿಕೊಂಡು ಹೇಳು. ಒಳಗಿಂದ ಏನರ ಕೇಳಿಸಿತ್ತೇನು?"

"ಊರೇ ಒದರಾಕತ್ತಿತ್ತು, ಶೇವಂತಾಕ್ಕ. ಯಾರ ದನಿ ಯಾವುದು ಅಂತ ತಿಳೀಲಿಲ್ಲ."

"ಹ್ಞೂ," ಎಂದಳು ಶೇವಂತಾ. "ನನಗೂ ತಿಳೀಲಿಲ್ಲ."

ಬುಟ್ಟಿ ತುಂಬಿತು. ಇಬ್ಬರೂ ಎರಡು ಕಡೆ ಹಿಡಿದು ಅಂಚಿಗೆ ಒಯ್ದು ಸುರಿದರು. ಧೂಳು ಎದ್ದಿತು. ಉತ್ತಮ್ ಹಿಂದಕ್ಕೆ ಸರಿದು ಕೆಮ್ಮಿ, ಬೈಯುವುದನ್ನು ನಿಲ್ಲಿಸಿ, ಮುಖ ಒರೆಸಿಕೊಂಡ. ಮುಂದಿನ ಓಣಿಯಿಂದ ಗ್ಯಾನಬಾನ ದನಿ, ಅವನನ್ನು ಗದರುವವರ ದನಿ ಬರುತ್ತಿದ್ದವು. ಪಶ್ಚಿಮಕ್ಕೆ ಮೋಡ ಕಟ್ಟಿತ್ತು. ಅವರು ಎರಡನೆಯ ಬುಟ್ಟಿ ತುಂಬಿದರು, ಮೂರನೆಯದಕ್ಕೆ ಬಗ್ಗಿದರು.

ಆಗ ಕೆಳಗೆ ಸೋಜರ್‌ಳ ಮನೆಯೊಳಗೆ ಕೂಸು ಎಚ್ಚರಗೊಂಡು ಅಳತೊಡಗಿತು.

ಇಬ್ಬರ ಕೈಗಳೂ ಒಟ್ಟಿಗೇ ನಿಂತವು. ಸ್ಲ್ಯಾಬಿನ ಮೂಲಕ ಬರುತ್ತಿದ್ದ ದನಿ ಸಣ್ಣದಾಗಿತ್ತು, ಆದರೆ ಸ್ಪಷ್ಟವಾಗಿತ್ತು.

"ಹೋಗು, ಎತ್ತಿಕೋ," ಎಂದಳು ಶೇವಂತಾ.

ಸೋಜರ್ ಅರ್ಧ ಎದ್ದವಳು ಹಾಗೆಯೇ ಕೂತಳು. "ಇನ್ನೊಂದೀಟು ಅಳಲಿ. ಇದರ ದನಿ ಕೇಳಸಾಕತ್ತದ," ಎಂದಳು.

ಶೇವಂತಾ ತಲೆಯಾಡಿಸಿದಳು. ಅಂಗೈ ಸ್ಲ್ಯಾಬಿಗೆ ಊರಿ, ಉಸಿರು ಬಿಗಿ ಹಿಡಿದು, ಇಬ್ಬರೂ ಕೇಳುತ್ತ ಕೂತರು.